ಮೊದಲು ಅದ್ದಿದ ಮಣ್ಣು

ನಿವೃತ್ತಿಯ ದಿನ ಕಾರ್ಖಾನೆಯವರು ನನಗೊಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಭಾಷಣ ಮಾಡಿದ ಅಧಿಕಾರಿ, “ಸುನಂದಾಬಾಯಿಯವರ ಕೈಯಿಂದ ಹೊರಟ ಒಂದು ರಿಪೋರ್ಟೂ ತಪ್ಪಾಗಿದ್ದು ನಮ್ಮ ಗಮನಕ್ಕೆ ಬಂದಿಲ್ಲ,” ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಬೇಡಕಿಹಾಳದ ರೈತ ಭರಮುಗೆ ಅದೇ ಗಳಿಗೆಗೆ ಕೆಮ್ಮು ಹತ್ತಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಪಕ್ಕದಲ್ಲಿದ್ದವರು ಬೆನ್ನು ತಟ್ಟಿದರು, ನೀರು ಕೊಟ್ಟರು. ಕೊನೆಗೆ ಎದ್ದು ಹೊರಗೆ ಹೋಗಿ ಹುಣಸೆ ಗಿಡದ ಕೆಳಗೆ ನಿಂತು ನಕ್ಕು ಬಂದ. ನನ್ನ ಜಾಗಕ್ಕೆ, ನನ್ನಂಥ ಜಾಗಗಳಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಭಾಷಣಕ್ಕಿಂತ ಆ ಕೆಮ್ಮು ಹೆಚ್ಚು ಉಪಯೋಗಕ್ಕೆ ಬಂದೀತು ಎಂದು ಇದನ್ನು ಬರೆಯಲು ಕೂತಿದ್ದೇನೆ.

ನಾನು ಇದ್ದದ್ದು ರಾಯಬಾಗ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಮಣ್ಣು-ನೀರು ಪರೀಕ್ಷೆಯ ಕೋಣೆಯಲ್ಲಿ. ಕಬ್ಬು ಹಾಕುವ ರೈತರು ಹೊಲದ ಮಣ್ಣು ತಂದುಕೊಟ್ಟರೆ ಅದು ಹುಳಿಯೋ, ಸಪ್ಪೆಯೋ, ಸವಳೋ ಎಂದು ನೋಡಿ ಹೇಳುವುದು ಕೆಲಸ. ಕೋಣೆಯ ಒಂದು ಕಿಟಕಿ ಕಬ್ಬಿನ ಗಾಡಿಗಳ ಸಾಲಿಗೆ, ಇನ್ನೊಂದು ಕಾಕಂಬಿ ತೊಟ್ಟಿಯ ವಾಸನೆಗೆ ತೆರೆದುಕೊಳ್ಳುತ್ತಿತ್ತು. ದಿನಾ ಚಿಕ್ಕೋಡಿಯಿಂದ ಬಸ್ಸಿಗೆ ಬಂದು, ಸಂಜೆ ಕೆಲಸ ಬಿಡುವ ಭೋಂಗಾ ಕೂಗಿದ ಮೇಲೆ ಬಸ್ಸಿಗೇ ಮರಳುತ್ತಿದ್ದೆ. ನಿಪ್ಪಾಣಿಯ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುವಾಗ ರಸಾಯನಶಾಸ್ತ್ರ ಎಂದರೆ ಹೊಳೆಯುವ ಗಾಜು, ಬಣ್ಣಬಣ್ಣದ ನೀರು ಎಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು, ಅದು ಹೆಚ್ಚಾಗಿ ಕೆಸರು ತೊಳೆಯುವ ಕೆಲಸ.

ಸವಳು ಎಂದರೆ ಏನು ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಕೃಷ್ಣೆಯ ನೀರು ಪೈಪಿನಲ್ಲಿ ಹೊಲಕ್ಕೆ ಬಂತು, ಕಬ್ಬು ಕುಡಿದಷ್ಟೂ ಕುಡಿಸಿದೆವು. ನೆಲದ ಹೊಟ್ಟೆಯಲ್ಲಿದ್ದ ಉಪ್ಪು ನೀರಿನ ಬೆನ್ನು ಹತ್ತಿ ಮೇಲೆ ಬಂತು. ಬೆಳಿಗ್ಗೆ ನೋಡಿದರೆ ಯಾರೋ ಹೊಲದ ತುಂಬ ಜೋಳದ ಹಿಟ್ಟು ಚೆಲ್ಲಿ ಹೋದ ಹಾಗೆ ಬೆಳ್ಳಗೆ. ಅದನ್ನು ಮೊದಲೇ ಪತ್ತೆ ಹಚ್ಚುವ, ಪಿಎಚ್ ಎಂಬ ಒಂದು ಅಂಕಿ ಇದೆ. ಏಳು ಎಂದರೆ ಹುಳಿಗೂ ಸವಳಿಗೂ ನಡುವೆ. ಏಳೂವರೆಯ ಸುತ್ತ ಇದ್ದರೆ ನಮ್ಮ ಕರಿಮಣ್ಣಿಗೆ ಚೊಕ್ಕ. ಎಂಟೂವರೆ ದಾಟಿತು ಎಂದರೆ ಹೊಲ ಸವಳಿನ ದಾರಿ ಹಿಡಿದಿದೆ ಎಂದು ಅರ್ಥ. ಈ ಒಂದು ಅಂಕಿಯ ಮೇಲೆ ನನ್ನ ಇಡೀ ಸೇವೆ ನಿಂತಿತ್ತು, ಮತ್ತು ಹಲವು ಸಲ ಬಿದ್ದಿತ್ತು.

ಮೊದಲ ವರ್ಷಗಳಲ್ಲಿ ಯಂತ್ರ ಇರಲಿಲ್ಲ. ಮಣ್ಣನ್ನು ನೀರಿನಲ್ಲಿ ಅಲುಗಿಸಿ, ತಿಳಿ ನಿಂತ ಮೇಲೆ ನಾಲ್ಕು ಹನಿ ಔಷಧ ಬಿಟ್ಟು, ಬಂದ ಬಣ್ಣವನ್ನು ಗೋಡೆಯ ಮೇಲಿನ ಪಟ್ಟಿಗೆ ಹೋಲಿಸಿ ನೋಡುವುದು. ನಮ್ಮ ಮುಖ್ಯಸ್ಥರು ಇನಾಮದಾರ ಸಾಹೇಬರು, ಮಿರಜ್ ಕಡೆಯವರು. ಅವರಿಗೆ ಹಸಿರು ಎಂದರೆ ಹಸಿರು, ನೀಲಿ ಎಂದರೆ ನೀಲಿ. ನನಗೆ ಹಾಗಲ್ಲ, ಮದುವೆಗೆ ಸೀರೆ ತೆಗೆದು ಅಭ್ಯಾಸ. ಒಮ್ಮೆ ರಿಪೋರ್ಟಿನಲ್ಲಿ “ಗಿಳಿಹಸಿರು, ಅಂಚಿನಲ್ಲಿ ನವಿಲುಗರಿ ಛಾಯೆ” ಎಂದು ಬರೆದೆ. ಆ ರೈತ ಅದನ್ನು ಹಿಡಿದುಕೊಂಡು ಬಂದು, “ಬಾಯಾರ, ಇದು ನನ್ನ ಹೊಲದ್ದೋ, ಯಾರದರ ಶಾಲೂ ಸೀರಿದ್ದೋ?” ಎಂದು ಕೇಳಿದ. ಸಾಹೇಬರು ನಶ್ಯದ ಡಬ್ಬಿ ತೆಗೆದು ಮೂಗಿಗೇರಿಸಿಕೊಂಡು ಗೋಡೆ ಕಡೆ ತಿರುಗಿದರು. ನಕ್ಕದ್ದು ಕಾಣಬಾರದು ಎಂಬುದು ಅವರ ಉದ್ದೇಶ, ಆದರೆ ನಶ್ಯ ನಿಪ್ಪಾಣಿಯ ಖಾರ ತಂಬಾಕಿನದು. ಬಂದ ಸೀನಿಗೆ ಮೇಜಿನ ಮೇಲೆ ತೂಗಿಟ್ಟಿದ್ದ ಮಣ್ಣೆಲ್ಲ ಹಾರಿಹೋಯಿತು. ಅವತ್ತಿನ ತೂಕ ಮತ್ತೆ ಮೊದಲಿನಿಂದ.

ಆಮೇಲೆ ಆ ಅಂಕಿಯನ್ನು ಮುಳ್ಳು ಓಡಿಸಿ ತೋರಿಸುವ ಯಂತ್ರ ಬಂತು. ಅದನ್ನು ಸಾಹೇಬರು ಯಾರಿಗೂ ಮುಟ್ಟಗೊಡಲಿಲ್ಲ. ನನ್ನ ಪಾಲಿಗೆ ಬಂದದ್ದು ನೀರಿನಲ್ಲಿ ಕರಗಿದ ಉಪ್ಪೆಷ್ಟು ಎಂದು ತೋರಿಸುವ ಇನ್ನೊಂದು ಸಣ್ಣ ಮೀಟರು. ಅದರಲ್ಲಿ ನಾನು ಮಾಡಿದ ಮೊದಲ ಸಾಹಸ ತೆಲಸಂಗದ ಒಬ್ಬ ಹಿರಿಯರ ಹೊಲವನ್ನು ಹಾಳು ಎಂದು ಘೋಷಿಸಿದ್ದು. ಅವರು ಬೀಗರ ಕೈಯಲ್ಲಿ ಮಣ್ಣು ಕಳಿಸಿದ್ದರು. ಮೀಟರಿನ ಅಂಕಿ ಸಮುದ್ರದ ದಂಡೆಗೆ ಹೊಂದುವಂತಿತ್ತು. “ಈ ನೆಲದಲ್ಲಿ ಬೆಳೆ ತೆಗೆಯುವ ಆಲೋಚನೆ ಬಿಡುವುದು ಒಳಿತು” ಎಂದು ದುಃಖದಿಂದಲೇ ಬರೆದೆ. ವಾರದೊಳಗೆ ಅವರೇ ಬಂದರು.

“ಹೊಲಾ ಬಿಡಂತ ಬರದೀರಿ. ನಮ್ಮ ಮುತ್ಯಾನ ಕಾಲದಿಂದ ಜ್ವಾಳಾ ಬೆಳ್ಯಾಕತ್ತೈತಿ ಅದು.”

“ಉಪ್ಪ ಭಾಳ ಐತ್ರಿ ಅಜ್ಜಾರ ಅದರಾಗ.”

“ಎಲ್ಲಿಂದ ಬರಬೇಕ್ರಿ? ನೀರ ಹಾಯಿಸಿದ ಹೊಲ ಅಲ್ಲ ಅದು. ಮಳಿ ಬಂದ್ರ ಉಂಟು.”

“ಮಣ್ಣು ಎದರಾಗ ಕಳಿಸಿದ್ರಿ?”

“ಚೀಲದಾಗ.”

“ಯಾ ಚೀಲ್ರಿ?”

ಅವರು ರುಮಾಲು ಸರಿಸಿ ತಲೆ ಕೆರೆದುಕೊಂಡರು. “ನಮ್ಮ ಅಂಗಡ್ಯಾಗಿಂದು. ಉಪ್ಪಿನ ಚೀಲ. ಜಾಡಿಸಿದ್ನೆಲ್ರಿ ಚೊಲೋತ್ನಾಗಿ!”

ಸಾಹೇಬರು ಒಳಗಿನಿಂದ ಹೇಳಿದರು: “ಮೀಟರ್ ಖರೇನs ಹೇಳೈತಿ ಬಾಯಿ. ಚೀಲದ ಬಗ್ಗೆ ಹೇಳೈತಿ.”

ಅಂದಿನಿಂದ ಮಣ್ಣಿಗಿಂತ ಮೊದಲು ಚೀಲದ ಜಾತಕ ಕೇಳುವುದನ್ನು ಕಲಿತೆ. ಯೂರಿಯಾ ಚೀಲ, ಕುಪ್ಪಸದ ತುಂಡು, ಊಟದ ಡಬ್ಬಿ, ಕಾಗವಾಡದ ಒಬ್ಬ ದ್ರಾಕ್ಷಿ ಬೆಳೆಗಾರ ಬಾವಿಯ ನೀರು ತುಂಬಿ ತಂದ ಅತ್ತರಿನ ಬಾಟಲಿ, ಎಲ್ಲವನ್ನೂ ನೋಡಿದ್ದೇನೆ. ಆ ನೀರಿನ ರಿಪೋರ್ಟು ಬರೆಯುವಾಗ ಇಡೀ ಕೋಣೆ ಉರುಸಿಗೆ ಹೊರಟಂತೆ ಘಮಘಮ ಎನ್ನುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ನನಗೆ ಧೈರ್ಯ ಬಂತು. ಧೈರ್ಯ ಬಂದದ್ದೇ ಆಪತ್ತು.

ಮುಳ್ಳಿನ ಯಂತ್ರ ಕೆಟ್ಟು ಹೊಸದು ಬಂದಾಗ ಸಾಹೇಬರ ಕಣ್ಣಿಗೆ ಪೊರೆ ಬಂದಿತ್ತು. “ಇನ್ನ ಮ್ಯಾಲ ಇದು ನಿಮ್ಮದು, ಬಾಯಿ,” ಎಂದು ನನಗೆ ಒಪ್ಪಿಸಿದರು. ಹೊಸ ಯಂತ್ರದ ಜೀವ ಇರುವುದು ಒಂದು ಗಾಜಿನ ಕಡ್ಡಿಯಲ್ಲಿ. ಪೆನ್ಸಿಲ್ಲಿಗಿಂತ ತುಸು ದಪ್ಪ; ತುದಿಯಲ್ಲಿ ಸಾಬೂನಿನ ಗುಳ್ಳೆಯಂಥ ತೆಳು ಬುಡ್ಡೆ; ಬುಡ್ಡೆಯ ಸ್ವಲ್ಪ ಮೇಲೆ ಪಕ್ಕದಲ್ಲಿ ಎಳ್ಳಿನ ಗಾತ್ರದ ಒಂದು ಬಿಳಿ ಚುಕ್ಕೆ. ಒಳಗೆ ಉಪ್ಪುನೀರು ತುಂಬಿರುತ್ತದೆ. ತುದಿಗೆ ಒಂದು ರಬ್ಬರ್ ಟೊಪ್ಪಿಗೆ, ಟೊಪ್ಪಿಗೆಯೊಳಗೂ ಅದೇ ಉಪ್ಪುನೀರು. ಜೊತೆಗೆ ಬಂದ ಸೂಚನೆಯ ಕಾಗದವನ್ನು ಹಾಳಾಗಬಾರದೆಂದು ಮಡಿಕೆ ಬಿಚ್ಚದೆ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆ ಬಿಳಿ ಚುಕ್ಕೆ ಗಾಜು ಮಾಡುವಾಗ ಆದ ದೋಷ ಎಂದುಕೊಂಡು ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ತಿಕ್ಕಿಯೂ ನೋಡಿದೆ. ಹೋಗಲಿಲ್ಲ.

ಇಲ್ಲಿ ನಮ್ಮ ಮನೆಯ ನೀರಿನ ವಿಷಯ ಸ್ವಲ್ಪ ಹೇಳಬೇಕು. ನಾವು ಜೈನರು. ನಮ್ಮ ಅತ್ತೆಯ ಕಾಲದಿಂದ ನಲ್ಲಿಯ ಬಾಯಿಗೆ ಯಾವಾಗಲೂ ಒಂದು ಬಿಳಿ ಬಟ್ಟೆ ಕಟ್ಟಿರುತ್ತದೆ. ನೀರು ಗಾಳಿಸಬೇಕು, ಕಾಸಬೇಕು, ನಿನ್ನೆಯದನ್ನು ಇಂದು ಕುಡಿಯಬಾರದು. ಬೆಳಿಗ್ಗೆ ಎದ್ದರೆ ಮೊದಲ ಕೆಲಸ ಬಾಸಿ ನೀರು ಚೆಲ್ಲಿ ಪಾತ್ರೆ ತೊಳೆದು ತಾಜಾ ತುಂಬುವುದು. ಮದುವೆಯಾಗಿ ಬಂದ ದಿನದಿಂದ ಮಾಡುತ್ತ ಬಂದ ಕೆಲಸ; ಕೈಗೆ ನೆನಪಿರುತ್ತದೆ, ತಲೆ ಬೇಕಾಗುವುದಿಲ್ಲ.

ಅದೇ ಕೈ ಲ್ಯಾಬಿನಲ್ಲೂ ಇತ್ತು. ರಬ್ಬರ್ ಟೊಪ್ಪಿಗೆ ತೆಗೆದರೆ ಒಳಗೆ ಎಂದಿನದೋ ನೀರು, ಅಂಚಿಗೆ ಬೆಳ್ಳಗೆ ಉಪ್ಪು ಗಟ್ಟಿದ ಚಕ್ಕೆ. ನನಗೆ ಹೇಸಿಗೆ ಅನ್ನಿಸಿತು. ಚೆಲ್ಲಿದೆ, ಟೊಪ್ಪಿಗೆ ತಿಕ್ಕಿ ತೊಳೆದೆ. ಭಟ್ಟಿ ಇಳಿಸಿದ ಚೊಕ್ಕ ನೀರು ಇತ್ತು. ಅದನ್ನೂ ಒಂದು ಕುದಿ ಕಾಸಿ ಆರಿಸಿ ತುಂಬಿದೆ. ದಿನಾ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ. ಒಂದು ಹಂಗಾಮು ಪೂರ್ತಿ ಹಾಗೆ ಮಾಡಿದೆ. ಆ ಕಡ್ಡಿಯಷ್ಟು ಮಡಿಯಾಗಿದ್ದ ವಸ್ತು ನಮ್ಮ ಬಸದಿಯಲ್ಲೂ ಇರಲಿಕ್ಕಿಲ್ಲ.

ಯಂತ್ರ ಸರಿ ಇದೆಯೋ ಎಂದು ನೋಡಲು ಅಂಕಿ ಮೊದಲೇ ಗೊತ್ತಿರುವ ದ್ರಾವಣಗಳಿರುತ್ತವೆ. ಅದರಲ್ಲಿ ಅದ್ದಿದರೆ ಸರಿಯಾದ ಅಂಕಿಯನ್ನೇ ತೋರಿಸುತ್ತಿತ್ತು. ಹೀಗಾಗಿ ನನಗೆ ಅನುಮಾನ ಬರಲಿಲ್ಲ. ನನ್ನ ಬಗ್ಗೆ ನನಗೆ ಬಹಳ ಮೆಚ್ಚಿಗೆಯಾದ ಕಾಲ ಅದು.

ಆಗ ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನು ಭರಮು. ಬೇಡಕಿಹಾಳದಲ್ಲಿ ಅಣ್ಣ ಪಾಯಪ್ಪ, ತಮ್ಮ ಭರಮು, ತಾಯಿ ಚಂಪಾಬಾಯಿ, ಒಂದೇ ಮನೆ. ಹೊಲ ಪಾಲಾಗುವುದಿತ್ತು. ಅವರ ಮನೆಯ ರೀತಿಯಂತೆ ಪಾಲು ಮಾಡುವವನು ಹಿರಿಯ, ಮೊದಲು ಆರಿಸುವವನು ಕಿರಿಯ. ಪಾಯಪ್ಪ ಹೊಲವನ್ನು ಮೇಲಿನ ಪಟ್ಟಿ, ಹಳ್ಳದ ಪಟ್ಟಿ ಎಂದು ಎರಡು ಮಾಡಿದ್ದ. ಹಳ್ಳದ ಕಡೆ ಒಂದಿಷ್ಟು ಕೊರಕಲು ಇದೆ ಎಂದು ಆ ಪಟ್ಟಿಗೆ ನಾಲ್ಕು ಗುಂಟೆ ಹೆಚ್ಚು ಬಿಟ್ಟಿದ್ದ. “ಮಣ್ಣು ಎರಡೂ ಕಡೆ ಒಂದs ಐತಿ, ಬೇಕಾದ್ದು ತಗೋ,” ಎಂದು ತಮ್ಮನಿಗೆ ಹೇಳಿದ್ದ. ಆರಿಸುವ ಮೊದಲು ನೋಡಿಬಿಡೋಣ ಎಂದು ಭರಮು ಎರಡು ಚೀಲ ತಂದ. ಚೀಲ ಹೊಸವು, ಕೇಳಿ ಖಾತ್ರಿ ಮಾಡಿಕೊಂಡೆ.

ಮೊದಲು ಮೇಲಿನ ಪಟ್ಟಿಯ ಮಣ್ಣಿನ ನೀರಿಗೆ ಕಡ್ಡಿ ಅದ್ದಿದೆ: ಏಳೂವರೆ. ಆಮೇಲೆ ಹಳ್ಳದ ಪಟ್ಟಿ: ಎಂಟೂವರೆ ದಾಟಿತು.

ಭರಮುವಿನ ಮುಖ ನೋಡಬೇಕಿತ್ತು. “ಅಂದ್ರ ದಾದಾ ನಾಕ ಗುಂಟೆ ಹೆಚ್ಚಿಂದ ತೋರ್ಸಿ ನನ್ನ ಕೊಳ್ಳಿಗೆ ಸವಳ ಕಟ್ಟಾಕ ನೋಡ್ಯಾನ,” ಎಂದ. ಕೂಗಲಿಲ್ಲ, ಮೆಲ್ಲಗೆ ಹೇಳಿದ. ಅದೇ ಕೆಟ್ಟದ್ದಾಗಿತ್ತು.

ಎರಡು ದಿನ ಬಿಟ್ಟು ಬೆಳಿಗ್ಗೆ ಕಡ್ಡಿಗೆ ತಾಜಾ ನೀರು ಕೊಟ್ಟು ಕೂತಿದ್ದೆ. ಪಾಯಪ್ಪ ಬಂದ, ತನ್ನ ಕೈಯಾರೆ ತೆಗೆದ ಎರಡು ಚೀಲ ಹಿಡಿದು. ಸಿಟ್ಟಿನಲ್ಲಿ ಹಳ್ಳದ ಪಟ್ಟಿಯ ಚೀಲವನ್ನೇ ಮುಂದೆ ಇಟ್ಟ. ಅದನ್ನೇ ಮೊದಲು ಅದ್ದಿದೆ: ಏಳೂವರೆ. ಆಮೇಲೆ ಮೇಲಿನ ಪಟ್ಟಿ: ಎಂಟೂವರೆ ದಾಟಿತು.

“ನೋಡ್ರಿ!” ಪಾಯಪ್ಪ ಮೇಜು ಗುದ್ದಿದ. “ಚೀಲಾ ಅದಲಬದಲ ಮಾಡ್ಯಾನ ಮಗಾ. ಮಂದಿ ಮುಂದ ನನ್ನ ಕಳ್ಳನ್ನ ಮಾಡಾಕ. ಎತ್ತಿ ಆಡಿಸಿದ ಕೈರಿ ಇವು.”

ಅಣ್ಣತಮ್ಮಂದಿರ ಮಾತು ನಿಂತಿತು. ಊರ ಹಿರಿಯರು ಪಾಲಿನ ಮಾತನ್ನು ಕೈಬಿಟ್ಟರು. ನಾನು ಎರಡು ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿ, ಇಬ್ಬರಲ್ಲಿ ಒಬ್ಬ ಸುಳ್ಳ ಎಂದು ತೀರ್ಮಾನಕ್ಕೆ ಬಂದೆ. ಯಾರೆಂಬುದು ಮಾತ್ರ ಗೊತ್ತಾಗಲಿಲ್ಲ. ಮೂರನೆಯವರು ಒಬ್ಬರು ಇರಬಹುದು ಎಂದು ಹೊಳೆಯಲೇ ಇಲ್ಲ.

ಒಂದು ಸೋಮವಾರ ಇನ್ನೂ ಯಾರೂ ಮಣ್ಣು ತಂದಿರಲಿಲ್ಲ, ಚಂಪಾಬಾಯಿ ಬಂದರು. ನೂಲಿನ ಸೀರೆ, ಕೈಯಲ್ಲಿ ಕೊಡೆ, ಚೀಲದಲ್ಲಿ ಮಣ್ಣಿನ ಎರಡು ಪುಡಿಕೆ. ಬಂದವರೇ ನನ್ನ ಸ್ಟೂಲಿನ ಮೇಲೆ ಕೂತರು.

“ನೀವs ಏನ್ರಿ ಸುನಂದಾಬಾಯಾರು?”

“ಹೌದ್ರಿ ಅಮ್ಮಾರ.”

“ನನ್ನ ಮಕ್ಕಳು ಒಂದs ಪಡಸಾಲ್ಯಾಗ ಕುಂತು ಉಣ್ತಾರ, ಮಾತಾಡೂದಿಲ್ಲ. ಉಪ್ಪ ಬೇಕಾದ್ರ ನನ್ನ ಕೈಲೆ ಕೇಳಸ್ತಾರ. ‘ಅವ್ವಾ, ಅವ್ರಿಗೆ ಉಪ್ಪ ಕೊಡಾಕ ಹೇಳ’ ಅಂತಾರ. ಅವ್ರಿಗೆ ಅಂತ! ಬೆನ್ನಿಗೆ ಬಿದ್ದ ತಮ್ಮಗ ‘ಅವ್ರು’! ಪಾಲ ಆಗ್ಲಿ, ಬ್ಯಾಡ ಅನ್ನೂದಿಲ್ಲ ನಾ. ಆದ್ರ ಹಿಂಗ ಮುಖಾ ತಿರುವಿ ಆದ್ರ ನಾ ಯಾರ ಒಲಿ ಮುಂದ ಕುಂದ್ರಲಿ? ಈ ಮಣ್ಣ ನಾ ತೆಗದೀನಿ. ನಾ ಯಾರ ಪೈಕಿನೂ ಅಲ್ಲ. ನನ್ನ ಎದುರs ಅದ್ರಿ.”

ಅದ್ದಿದೆ. ಮೊದಲು ಮೇಲಿನ ಪಟ್ಟಿ, ಚೊಕ್ಕ. ಆಮೇಲೆ ಹಳ್ಳದ ಪಟ್ಟಿ, ಸವಳು. ಭರಮು ಹೇಳಿದ್ದೇ ನಿಜವಾಯಿತು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಊಟದ ಭೋಂಗಾ ಕೂಗಿತು. ಭೋಂಗಾ ಕೇಳಿದ ಕೈ ಸಂಜೆಯಾಯಿತೆಂದೇ ತಿಳಿದು ತನ್ನ ಕೆಲಸ ಮಾಡಿತು: ಕಡ್ಡಿ ತೊಳೆದೆ, ಟೊಪ್ಪಿಗೆಗೆ ತಾಜಾ ನೀರು ತುಂಬಿ ಹಾಕಿದೆ. ಇಬ್ಬರೂ ಕೂತು ರೊಟ್ಟಿ ತಿಂದೆವು. ಅವರು ಕೈ ತೊಳೆದು ಬಂದು, “ಈಗ ತಿರುವಿ ಅದ್ರಿ ನೋಡೂನು. ಮೊದಲ ಹಳ್ಳದ್ದು,” ಎಂದರು.

ಹಳ್ಳದ ಪಟ್ಟಿ ಚೊಕ್ಕ. ಮೇಲಿನ ಪಟ್ಟಿ ಸವಳು.

ನಾನು ಯಂತ್ರ ಆರಿಸಿ ಮತ್ತೆ ಹಚ್ಚಿದೆ; ಅಂಕಿ ಅದೇ. ಅವರು ಕೊಡೆಯ ತುದಿಯಿಂದ ಕಡ್ಡಿ ತೋರಿಸಿದರು.

“ಬಾಯಾರ, ಇದು ಮಣ್ಣ ನೋಡೂ ಕಡ್ಡಿ ಅಲ್ಲ. ಮದುವಿ ಊಟ ಬಡಸೂ ಕಡ್ಡಿ. ಮೊದಲ ಪಂಕ್ತಿಗೆ ಹೋಳಿಗಿ, ಎರಡನೇ ಪಂಕ್ತಿಗೆ ಬರೇ ಅನ್ನ-ಸಾರು.”

ನನ್ನ ಮುಖದ ಬಣ್ಣವನ್ನು ಗೋಡೆಯ ಪಟ್ಟಿಗೆ ಹೋಲಿಸಿದ್ದರೆ ಎಲ್ಲಿ ಹೊಂದುತ್ತಿತ್ತೋ ತಿಳಿಯದು. ಸಾಹೇಬರನ್ನು ಕರೆದೆ. ಅವರು ಕಡ್ಡಿಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಟೊಪ್ಪಿಗೆ ಮೂಸಿ, ನಾಲಿಗೆಗೆ ಒಂದು ಹನಿ ಹಚ್ಚಿಕೊಂಡರು. (ಲ್ಯಾಬಿನಲ್ಲಿ ಏನನ್ನೂ ನಾಲಿಗೆಗೆ ಹಚ್ಚಬಾರದು. ಅವರು ಹಿರಿಯರು, ಹಚ್ಚಿದರು. ನೀವು ಹಚ್ಚಬೇಡಿ.)

“ಸಪ್ಪಗ ಐತಿ. ಇದರಾಗಿನ ಉಪ್ಪ ನೀರ ಎಲ್ಲಿ?”

“ಬಾಸಿ ಆಗಿತ್ರಿ. ಚೆಲ್ಲಿ ತಾಜಾ ಹಾಕೀನಿ,” ಎಂದೆ. ಹೆಮ್ಮೆ ಇನ್ನೂ ಪೂರ್ತಿ ಹೋಗಿರಲಿಲ್ಲ. “ಕಾಸಿ ಆರಿಸಿದ್ದರಿ. ದಿನಾ.”

“ದಿನಾ?”

“ಎರಡ ಸಲ.”

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. “ಅರೇ ದೇವಾ,” ಎಂದರು. ಆಮೇಲೆ ನಶ್ಯ ಏರಿಸಿಕೊಂಡು, ನನಗೂ ಚಂಪಾಬಾಯಿಗೂ ಸೇರಿಸಿಯೇ ಪಾಠ ಹೇಳಿದರು. ನನ್ನ ಬಿ.ಎಸ್‌ಸಿ. ಅವತ್ತು ಮುಗಿಯಿತು ಎನ್ನಬೇಕು.

ಆ ಎಳ್ಳಿನಷ್ಟು ಬಿಳಿ ಚುಕ್ಕೆ ದೋಷವಲ್ಲ, ಬಾಗಿಲು. ಅದೂ ಗಾಜೇ, ಆದರೆ ತೂತಿನ ಗಾಜು. ಎರಡು ಬಗೆಯ ಗಾಜು ಕೂಡಿಸಿ ಕರಗಿಸುತ್ತಾರಂತೆ. ಮತ್ತೆ ಹದವಾಗಿ ಕಾಸಿದರೆ ಒಡೆದ ಹಾಲಿನಂತೆ ಒಳಗೊಳಗೇ ಎರಡೂ ಬೇರೆಯಾಗುತ್ತವೆ, ಬೇರೆಯಾದರೂ ಒಂದಕ್ಕೊಂದು ಹೆಣೆದುಕೊಂಡೇ ಇರುತ್ತವೆ. ಆಮ್ಲಕ್ಕೆ ಹಾಕಿದರೆ ಒಂದು ಕರಗಿ ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಉಳಿದದ್ದರ ತುಂಬ ಕಣ್ಣಿಗೆ ಕಾಣದ ಓಣಿಗಳು. ಕಡ್ಡಿಯೊಳಗಿನ ಉಪ್ಪು ಆ ಓಣಿಗಳಲ್ಲಿ ಹಾಯ್ದು, ಮೆಲ್ಲಗೆ ಹೊರಗಿನ ಮಣ್ಣುನೀರನ್ನು ಮುಟ್ಟಬೇಕು. ಮುಟ್ಟಿದರೆ ಮಾತ್ರ ವಿದ್ಯುತ್ತಿನ ದಾರಿ ಕೂಡುತ್ತದೆ, ಅಂಕಿ ಬರುತ್ತದೆ.

“ಆದ್ರ ಆ ಓಣಿ ಗ್ವಾಡಿಗೆ ಒಂದ ಚಾಳಿ ಐತಿ,” ಎಂದರು ಸಾಹೇಬರು. “ನೀರ ತಾಗಿದ್ರ ಋಣ ವಿದ್ಯುತ್ ಹಿಡಕೊಂಡ ಕುಂದರತೈತಿ. ಉಪ್ಪಿನಾಗ ಎರಡ ಪೈಕಿ ಮಂದಿ. ಒಬ್ರು ಧನ, ಒಬ್ರು ಋಣ. ಧನದವ್ರಿಗೆ ಬರ್ರಿ ಅಂತೈತಿ, ಋಣದವ್ರಿಗೆ ನಿಲ್ರಿ ಅಂತೈತಿ. ಬಾಯಿ, ನಿಮ್ಮ ಚಿಕ್ಕೋಡಿ ಬಸ್ಸಿನಾಗ ನಾಕs ಮಂದಿ ಇದ್ದಾಗ ಕಂಡಕ್ಟರ್ ಏನ ಮಾಡ್ತಾನ?”

“ಒಬ್ಬೊಬ್ರದೂ ಚೀಲಾ ನೋಡಿ, ಇದು ಬ್ಯಾಡ, ಅದು ಬ್ಯಾಡ ಅಂತಾನ್ರಿ.”

“ಸಂತಿ ದಿವಸ?”

“ಸಂತಿ ದಿವಸ ಅವಗs ನಿಲ್ಲಾಕ ಜಾಗಾ ಇರೂದಿಲ್ರಿ. ಕೋಳಿನೂ ಒಳಗ, ಕೂಸೂ ಒಳಗ.”

“ಬರೋಬರ್. ಓಣ್ಯಾಗ ಉಪ್ಪ ದಟ್ಟ ತುಂಬಿದ್ರ ಗ್ವಾಡಿ ಮಾತ ಯಾರೂ ಕೇಳೂದಿಲ್ಲ. ಎರಡೂ ಪೈಕಿಯವ್ರು ಸರಿಸಮ ದಾಟ್ತಾರ. ಅಂಕಿಗೆ ಗ್ವಾಡಿಂದು ತನ್ನದೊಂದು ಮಾತ ಸೇರೂದಿಲ್ಲ. ನೀವ ಏನ ಮಾಡೀರಿ? ದಿನಾ ಎರಡ ಸಲ ಬಸ್ಸ ಖಾಲಿ ಮಾಡಿ, ಕಂಡಕ್ಟರ್ ಒಬ್ಬವನ್ನ ನಿಲ್ಲಿಸೀರಿ.”

ಚೊಕ್ಕ ನೀರಿನಲ್ಲಿ ನೆನೆದು ಓಣಿಗಳಲ್ಲಿನ ಉಪ್ಪು ತೊಳೆದುಹೋಗಿತ್ತು. ಹೀಗಾಗಿ ಮೊದಲು ಅದ್ದಿದ ಮಣ್ಣಿನ ಅಂಕಿಗೆ ಗೋಡೆಯ ಮಾತೂ ಸೇರಿ ಅದು ಇದ್ದದ್ದಕ್ಕಿಂತ ಕೆಳಗೆ, ಚೊಕ್ಕ ಎಂದು ಬರುತ್ತಿತ್ತು. ಅಷ್ಟರಲ್ಲಿ ಕಡ್ಡಿಯೊಳಗಿನ ಉಪ್ಪು ಮತ್ತೆ ಓಣಿ ತುಂಬುತ್ತಿತ್ತು. ಎರಡನೆಯ ಮಣ್ಣು ತನ್ನ ನಿಜ ಹೇಳುತ್ತಿತ್ತು. ಪರೀಕ್ಷೆಯ ದ್ರಾವಣಗಳು ತಾವೇ ದಟ್ಟವಾದ್ದರಿಂದ ಅಲ್ಲಿ ತಪ್ಪು ಕಾಣುತ್ತಿರಲಿಲ್ಲ. ಕಪಾಟಿನ ಬೀಗ ತೆಗೆದು ಸೂಚನೆಯ ಕಾಗದ ಬಿಚ್ಚಿದೆ. ಮೊದಲ ಸಾಲಿನಲ್ಲೇ ಇತ್ತು: ಚೊಕ್ಕ ನೀರಿನಲ್ಲಿ ಇಡಬೇಡಿ.

ಚಂಪಾಬಾಯಿ ಎಲ್ಲ ಕೇಳಿ, “ಅಂದ್ರ ನನ್ನ ಮಕ್ಕಳು ಇಬ್ರೂ ಖರೇನs ಹೇಳ್ಯಾರ?” ಎಂದರು.

“ಹೌದ್ರಿ.”

“ನೀವs ಸುಳ್ಳ?”

“ನಾನs ರಿ.”

ಅವರು ಕೊಡೆ ತೆಗೆದುಕೊಂಡು ಎದ್ದರು. “ಕಡ್ಡಿ ಉಪ್ಪಿನಾಗ ಹಾಕ್ರಿ. ನಾಳಿ ಇಬ್ರನ್ನೂ ಕರಕೊಂಡ ಬರ್ತೀನಿ. ಅವ್ರ ಮುಂದ ಇದನ್ನs ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ, ಅವ್ವ ಸಮಾಧಾನ ಮಾಡಾಕತ್ತಾಳ ಅಂತಾರ.”

ಮನೆಗೆ ಬಂದು ಅತ್ತೆಯ ಮುಂದೆ ಹೇಳಿಕೊಂಡೆ. ಅವರು ಬಿಳಿ ಬಟ್ಟೆ ಹಿಂಡುತ್ತ, “ಆ ಕಾಜಿನ ಕಡ್ಡಿಗೆ ಬಾಸಿ ನೀರs ಬೇಕಂದ್ರ ಕುಡೀಲಿ ಬಿಡು. ಕುಡಿಯೂದು ಅದು, ನೀ ಅಲ್ಲಲಾ,” ಎಂದರು. ನನ್ನ ಇಪ್ಪತ್ತು ವರ್ಷದ ಮಡಿಯಲ್ಲಿ ಇಷ್ಟು ಸರಳ ಮಾತು ನನಗೆ ಹೊಳೆದಿರಲಿಲ್ಲ.

ಮರುದಿನ ಮೂವರೂ ಬಂದರು. ಬೆಂಚಿನ ಮೇಲೆ ಚಂಪಾಬಾಯಿ ನಡುವೆ, ಮಕ್ಕಳು ಆಚೆ ಈಚೆ, ಒಬ್ಬ ಬಾಗಿಲ ಕಡೆ ಮುಖ, ಒಬ್ಬ ಕಿಟಕಿ ಕಡೆ. ನಾನು ನಿಂತುಕೊಂಡು ಬಾಸಿ ನೀರಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಹಲ್ಲುಜ್ಜುವ ಬ್ರಷ್ಷಿನ ಸಂಗತಿಯನ್ನು ಬಿಟ್ಟಿದ್ದೆ, ಸಾಹೇಬರು ನೆನಪಿಸಿದರು. ಆಮೇಲೆ ಉಪ್ಪುನೀರಿನಲ್ಲಿ ನೆನೆದ ಕಡ್ಡಿ ತೆಗೆದು ಅದ್ದಿದೆ. ಮೇಲಿನದು ಮೊದಲು, ಹಳ್ಳದ್ದು ಮೊದಲು, ಮತ್ತೆ ಮೇಲಿನದು. ಹೇಗೆ ಅದ್ದಿದರೂ ಎರಡೂ ಒಂದೇ ಅಂಕಿ. ಒಂದೇ, ಆದರೆ ಚೊಕ್ಕವಲ್ಲ. ಎರಡೂ ಎಂಟೂವರೆ ದಾಟಿದ್ದವು. ಇಡೀ ಹೊಲ ಸವಳಿನ ದಾರಿ ಹಿಡಿದಿತ್ತು.

ಪಾಯಪ್ಪ ಬಗ್ಗಿ ಅಂಕಿ ನೋಡಿದ. “ಅಂದ್ರ ಹಿಂದಿಂದ ಎಲ್ಲಾ ಸುಳ್ಳು?”

“ಅರ್ಧಾ ಸುಳ್ರಿ. ಮೊದಲ ಅದ್ದಿದ್ದು.”

“ಈಗಿಂದು ಖರೇ ಅನ್ನಾಕ ಗ್ಯಾರಂಟಿ ಏನ್ರಿ?” ಎಂದ ಭರಮು.

ನಾನು ಕಡ್ಡಿ ತೊಳೆದು ಮತ್ತೊಮ್ಮೆ ಅದ್ದಲು ಹೊರಟೆ. ಅಷ್ಟರಲ್ಲಿ ಪಾಯಪ್ಪ ತಾಯಿಯ ತಲೆಯ ಮೇಲಿನಿಂದ ತಮ್ಮನ ಕಡೆ ತಿರುಗಿ ಹೇಳಿದ: “ಏ ಭರಮ್ಯಾ, ಇಲ್ಲಿ ಬ್ಯಾಡ ನಡಿ. ಮಿರಜ್‌ಗೆ ಒಯ್ದು ಅಲ್ಲಿ ಲ್ಯಾಬಿನಾಗ ಕೊಡೂನು.”

“ಹೌದ್ ದಾದಾ. ಈ ಬಾಯಾರಿಗೆ ಏನೂ ತಿಳ್ಯೂದಿಲ್ಲ.”

“ಗಾಡಿ ತಂದೀಯಿಲ್ಲ?”

“ತಂದೀನಿ. ಕುಂದ್ರ ನೀ, ಚೀಲಾ ನಾ ಹಿಡೀತೀನಿ.”

ಇಬ್ಬರೂ ಒಂದೇ ಮೋಟಾರ್‌ಸೈಕಲ್ಲಿನ ಮೇಲೆ, ಕಬ್ಬಿನ ಗಾಡಿಗಳ ನಡುವೆ ನುಸುಳಿ, ನನ್ನನ್ನು ಬೈಯುತ್ತ ಹೋದರು. ಬೈಗುಳ ಗೇಟಿನ ತನಕ ಕೇಳಿಸಿತು. ತಾಯಿಯನ್ನು ಬೆಂಚಿನ ಮೇಲೆ ಮರೆತೇ ಹೋಗಿದ್ದರು. ಚಂಪಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಗುತ್ತಿದ್ದರು.

“ಬಾಯಾರ, ನಿಮ್ಮ ಮ್ಯಾಲ ಸಿಟ್ಟಾಗಿ ಇಬ್ರೂ ಒಂದಾದ್ರು. ವರ್ಷಕ್ಕೊಮ್ಮೆ ಹಿಂಗ ಒಂದ ತಪ್ಪ ಮಾಡ್ರಿ.”

ವರ್ಷಕ್ಕೊಂದೇ ಸಾಕೇ ಎಂದು ಸಾಹೇಬರು ಒಳಗಿನಿಂದ ಕೇಳಿದರು.

ಆ ಹಂಗಾಮಿನಲ್ಲಿ ದಿನದ ಮೊದಲ ಮಣ್ಣಾಗಿ ಅದ್ದಿಸಿಕೊಂಡ ರೈತರನ್ನೆಲ್ಲ ಮತ್ತೆ ಕರೆಸಿ ಹೊಸದಾಗಿ ನೋಡಿ ಕೊಟ್ಟೆ. ಅದು ಹೇಗಿತ್ತು ಎಂದು ಬರೆಯುವುದಿಲ್ಲ. ಒಬ್ಬೊಬ್ಬರಿಗೂ ನಿಂತು ಬಾಸಿ ನೀರಿನ ಕಥೆ ಹೇಳಬೇಕಾಗುತ್ತಿತ್ತು, ಕೆಲವರು ನೆಂಟರನ್ನೂ ಕೇಳಿಸಲು ಕರೆತಂದರು.

ಮಿರಜ್‌ನವರ ಅಂಕಿಯೂ ನನ್ನ ಕೊನೆಯ ಅಂಕಿಯೂ ಕೂಡಿತು. ಪಾಲು ಆಯಿತು. ಭರಮು ಹಳ್ಳದ ಪಟ್ಟಿ ಆರಿಸಿಕೊಂಡ, ನಾಲ್ಕು ಗುಂಟೆ ಹೆಚ್ಚು ಇತ್ತಲ್ಲ. ಆದರೆ ಸವಳು ಇಳಿಯಬೇಕಾದರೆ ನೆಲದೊಳಗೆ ತೂತಿನ ಪೈಪು ಹೂಳಿ, ಉಪ್ಪುನೀರನ್ನು ಹಳ್ಳಕ್ಕೆ ಬಸಿದು ಬಿಡಬೇಕು. ಅಣ್ಣನ ನೀರು ಹಳ್ಳಕ್ಕೆ ಹೋಗಬೇಕೆಂದರೆ ತಮ್ಮನ ಹೊಲದ ಕೆಳಗೇ ದಾರಿ. ಎರಡು ಪಟ್ಟಿಯ ನಡುವೆ ಒಡ್ಡು ಹಾಕುವ ದಿನ ಇದರ ಮೇಲೆ ಮತ್ತೆ ಮಾತು ಬಿಸಿಯಾಯಿತಂತೆ. ಆಗ ಚಂಪಾಬಾಯಿ, “ಒಡ್ಡ ಹಾಕ್ರಿ. ತೂತ ಇಟ್ಟ ಹಾಕ್ರಿ,” ಎಂದರಂತೆ. ಸಾಹೇಬರ ಪಾಠವನ್ನು ನನಗಿಂತ ಚೆನ್ನಾಗಿ ಕೇಳಿಸಿಕೊಂಡವರು ಅವರೇ.

ಪೈಪು ಹಾಕಿ ಒಂದು ಮಳೆಗಾಲ ಕಳೆದ ಮೇಲೆ ಬಸಿನೀರು ನೋಡಲು ನನ್ನನ್ನು ಕರೆದರು. ಉಪ್ಪುನೀರು ತುಂಬಿದ ಟೊಪ್ಪಿಗೆಯನ್ನು ಎರಡೆರಡು ಸಲ ಅದುಮಿ ನೋಡಿ ಕಡ್ಡಿ, ಯಂತ್ರ ಎರಡನ್ನೂ ಚೀಲದಲ್ಲಿಟ್ಟುಕೊಂಡು ಹೋದೆ. ಒಡ್ಡಿನ ಮೇಲೆ ಅಣ್ಣತಮ್ಮಂದಿರು ಕೂತು ಚಹಾ ಕುಡಿಯುತ್ತಿದ್ದರು. ನಾನು ಚಪ್ಪಲಿ ಕಳಚಿ ಹಳ್ಳಕ್ಕೆ ಇಳಿದು ಕಡ್ಡಿ ತೆಗೆದೆ. ಮೇಲಿನಿಂದ ಭರಮು ಕೂಗಿದ:

“ಬಾಯಾರ, ಮೊದಲ ಯಾರ ನೀರ ಅದ್ದತೀರಿ? ದಾದಾಂದೋ, ನಂದೋ?”

ಪಾಯಪ್ಪನ ಬಾಯಿಂದ ಚಹಾ ಹೊರಗೆ ಚಿಮ್ಮಿತು. ನಾನು ಪೈಪಿನ ಬಾಯಿಗೆ ಲೋಟ ಹಿಡಿದೆ. ಎರಡೂ ಹೊಲದ ಉಪ್ಪು ಒಂದೇ ಧಾರೆಯಲ್ಲಿ ಇಳಿಯುತ್ತಿತ್ತು; ಅದರಲ್ಲಿ ಮೊದಲಿನದು ಯಾವುದು, ಆಮೇಲಿನದು ಯಾವುದು ಎಂದು ಬೇರೆ ಮಾಡುವ ಹಾಗಿರಲಿಲ್ಲ. ಸದ್ಯ ನಾನು ಬದುಕಿಕೊಂಡೆ ಎಂದುಕೊಂಡು ಕಡ್ಡಿ ಅದ್ದಿದೆ.